ಗವಿಗಿಳಿದ ಹೆಂಗಸರು

ಸೆಪ್ಟೆಂಬರ್ ೧೯, ೧೯೫೪, ಭಾನುವಾರ

ಅಪ್ಪನನ್ನು ಇವತ್ತು ಆಸ್ಪತ್ರೆಯಿಂದ ಮನೆಗೆ ಕರೆತಂದೆವು. ಮೈಯ ಬಲಭಾಗ ಬಿದ್ದುಹೋಗಿದೆ. ನಾಲಿಗೆ ಹೊರಳುವುದಿಲ್ಲ. ಅಡುಗೆಮನೆಯ ಕಿಟಕಿಯ ಪಕ್ಕ ಕುರ್ಚಿ ಹಾಕಿ ಕೂರಿಸಿದೆ. ಅಲ್ಲಿಂದ ಗೋಡೆಯೊಳಗಿನ ದ್ರಾಕ್ಷಿ ಸಾಲುಗಳು ಕಾಣುತ್ತವೆ, ಬಿಳಿ ಬಂಡೆಯಲ್ಲಿ ಕೊರೆದ ಗವಿಯ ಬಾಗಿಲೂ ಕಾಣುತ್ತದೆ. ಬದುಕಿಡೀ ಆ ಗವಿಯಲ್ಲಿ ವೈನ್ ಮಾಡಿದವನು. ಬೀಳುವುದಕ್ಕೆ ಕೊಯ್ಲಿನ ಕಾಲವೇ ಬೇಕಿತ್ತೇ?

ಅಣ್ಣ ಗಾಸ್ಯಾಂ ತೂರ್ ಪಟ್ಟಣದಿಂದ ಬಂದಿದ್ದ. ಸೂಪಿನ ಬಟ್ಟಲು ಖಾಲಿಯಾಗುವ ಮೊದಲೇ ವಿಷಯ ತೆಗೆದ.

"ನೋಡು ಅರ್ಮೆಲ್, ದ್ರಾಕ್ಷಿ ಬಳ್ಳಿಯಲ್ಲಿರುವಾಗ್ಲೇ ಮಾರಿಬಿಡೋಣ. ಆಮೇಲೆ ತೋಟ. ನಂಗೆ ವೈನ್ ಮಾಡೋಕೆ ಬರಲ್ಲ, ಅಪ್ಪನ ಕೈಲಿ ಆಗಲ್ಲ. ಇನ್ಯಾರಿದಾರೆ?"

"ನಾನಿದೀನಿ."

ಅವನು ಬ್ರೆಡ್ಡಿನ ತುಣುಕನ್ನು ಬಾಯಿಗಿಡುತ್ತಿದ್ದವನು ಹಾಗೇ ನಿಲ್ಲಿಸಿದ. "ನೀನಾ? ರಸ ಕುದಿಯೋ ಕಾಲದಲ್ಲಿ ಒಂದು ದಿನ ಆದ್ರೂ ಗವಿಯೊಳಗೆ ಕಾಲಿಟ್ಟಿದೀಯಾ?"

ಇಟ್ಟಿಲ್ಲ. ನಲವತ್ತೊಂದು ವರ್ಷ ಇದೇ ಮನೆಯಲ್ಲಿದ್ದೇನೆ. ಬಳ್ಳಿ ಸವರಿದ್ದೇನೆ, ಕಟ್ಟಿದ್ದೇನೆ, ಹಣ್ಣು ಕೊಯ್ದಿದ್ದೇನೆ. ಆದರೆ ಕೊಯ್ಲು ಮುಗಿದ ಮೇಲೆ ಆ ಬಾಗಿಲು ದಾಟಿಲ್ಲ. ಹೆಂಗಸು ಒಳಗೆ ಬಂದರೆ ವೈನ್ ವಿನೆಗರ್ ಆಗುತ್ತದೆ ಎಂಬುದು ಅಪ್ಪನ ನಂಬಿಕೆ. ಅವನ ಅಪ್ಪನದೂ ಅದೇ. ಒಳಗೆ ನಡೆದದ್ದನ್ನೆಲ್ಲ ಅಪ್ಪ ಮತ್ತು ಗವಿಯ ಮೇಸ್ತ್ರಿ ಬಾರ್ನಬೆ ಊಟದ ಮೇಜಿನ ಮೇಲೆ ಮಾತಾಡುತ್ತಿದ್ದರು. ನಾನು ಬಡಿಸುತ್ತಿದ್ದೆ. ಬಡಿಸುವವಳಿಗೆ ಕಿವಿ ಇಲ್ಲ ಎಂದುಕೊಂಡಿದ್ದರೇನೋ.

ಕೊನೆಗೆ ಒಂದು ಒಪ್ಪಂದವಾಯಿತು. ತೋಟ ಮಾರಬೇಕಾದರೆ ನನ್ನ ಸಹಿಯೂ ಬೇಕು. ಈಸ್ಟರ್‌ಗೆ ವೈನ್ ದಲ್ಲಾಳಿ ಕೆನಾರ್ ಅವರನ್ನು ಕರೆಸುವುದು. ಈ ವರ್ಷದ ವೈನ್ ನಮ್ಮ ಗೆರಿನೋ ಮನೆತನದ ಹೆಸರಿಗೆ ತಕ್ಕದ್ದಲ್ಲ ಎಂದು ಅವರು ಅಂದರೆ, ಅಲ್ಲೇ ಸಹಿ ಹಾಕುತ್ತೇನೆ. ಅಲ್ಲಿಯವರೆಗೆ ಕಾಗದವನ್ನು ನನ್ನ ಮುಂದೆ ಹಿಡಿಯಬಾರದು.

ಅಪ್ಪ ಏಳುವವರೆಗೆ ಅವನ ವೈನನ್ನು ಕಾಯುವುದು, ಅಷ್ಟೇ ನನ್ನ ಕೆಲಸ.

ಸೆಪ್ಟೆಂಬರ್ ೨೭, ಸೋಮವಾರ

ಮಳೆ. ಪಕ್ಕದ ತೋಟದವರೆಲ್ಲ ಕೊಯ್ಯುತ್ತಿದ್ದಾರೆ. ಬಾರ್ನಬೆ ಬೆಳಿಗ್ಗೆಯಿಂದ ನನ್ನ ಹಿಂದೆಯೇ ಸುತ್ತುತ್ತಿದ್ದ.

"ಅಮ್ಮಾವ್ರೇ, ಎಲ್ರೂ ಕೊಯ್ತಿದಾರೆ. ನಾವು ಇನ್ನೂ ಯಾಕೆ ಆಕಾಶ ನೋಡ್ಕೊಂಡು ಕೂತಿದೀವಿ?"

"ಬೀಜ ಹಸಿರಾಗಿದೆ ಬಾರ್ನಬೆ. ಕಚ್ಚಿ ನೋಡು."

"ಬೀಜ ಯಾರು ಕುಡೀತಾರೆ?"

ಅಪ್ಪನ ಬಳಿ ಒಂದು ಗೊಂಚಲು ಒಯ್ದು ತೋರಿಸಿದೆ. ಕೊಯ್ಯಲೋ ಬೇಡವೋ ಎಂದು ಕೇಳಿದೆ. ಗಂಟಲಿನಿಂದ ಏನೋ ಸದ್ದು ಬಂತು, ಅರ್ಥವಾಗಲಿಲ್ಲ. ಅಪ್ಪನಾಗಿದ್ದರೆ ಕಾಯುತ್ತಿದ್ದ. ಕಾಯುತ್ತಿದ್ದ ಎಂದೇ ನನ್ನ ನಂಬಿಕೆ. ಕಾಯುತ್ತೇನೆ.

ಅಕ್ಟೋಬರ್ ೩, ಭಾನುವಾರ

ಮೂರು ದಿನದಿಂದ ಬಿಸಿಲು. ಪೂಜೆ ಮುಗಿಸಿ ಚರ್ಚಿನಿಂದ ಹೊರಬರುವಾಗ ಮೆಟ್ಟಿಲ ಮೇಲೆ ನಿಂತ ಗಂಡಸರು ಟೋಪಿ ಎತ್ತಿದರು, ತುಟಿ ಮಾತ್ರ ನಗುತ್ತಿತ್ತು. "ಏನ್ ಅರ್ಮೆಲ್, ಹಣ್ಣು ಒಣಗಿಸಿ ಕೇಕ್‌ಗೆ ಹಾಕ್ತೀಯಾ?" ಎಂದ ಒಬ್ಬ. "ಮಳೇಲಿ ಕೊಯ್ದು ನೀನು ತೊಟ್ಟಿಗೆ ತುಂಬಿದ ನೀರು ಮಾರಾಟ ಆದ್ಮೇಲೆ ಬಾ, ಒಂದು ತುಂಡು ಕೊಡ್ತೀನಿ" ಎಂದೆ.

ಮಧ್ಯಾಹ್ನ ಪ್ರತಿ ಸಾಲಿನಲ್ಲೂ ಹಣ್ಣು ಕಚ್ಚುತ್ತಾ ಹೋದೆ. ಬೀಜ ಮಾಗಿ ಕಂದುಬಣ್ಣಕ್ಕೆ ತಿರುಗಿದೆ, ಹಲ್ಲಿಗೆ ಕರಕರ ಎನ್ನುತ್ತದೆ. ನಾಳೆ ಕೊಯ್ಲು.

ಅಕ್ಟೋಬರ್ ೬, ಬುಧವಾರ

ಕೊಯ್ಲಿನ ಹೆಂಗಸರಲ್ಲಿ ಲಿಯೊಕಾದಿ ಎಂಬವಳಿದ್ದಾಳೆ. ವಿಧವೆ. ಊರಿನವರ ಬಟ್ಟೆ ಒಗೆದು ಬದುಕುವವಳು, ತೋಳು ಎರಡೂ ಪೀಪಾಯಿಯಂತಿವೆ. ಹಣ್ಣಿನಲ್ಲಿ ಬೂದು ಬೂಷ್ಟು ಹಿಡಿದದ್ದು ಸಾಕಷ್ಟಿತ್ತು. ಅಂಗಳದಲ್ಲಿ ಉದ್ದ ಹಲಗೆ ಹಾಕಿಸಿ, ಎಲ್ಲ ಗೊಂಚಲನ್ನೂ ಅದರ ಮೇಲೆ ಸುರಿದು, ಕೊಳೆತದ್ದನ್ನು ಆರಿಸಿ ಎಸೆಯಲು ಹೇಳಿದೆ.

ಬಾರ್ನಬೆ ತಲೆಯ ಮೇಲೆ ಕೈಹೊತ್ತುಕೊಂಡ. "ನಿಮ್ಮಪ್ಪ ಯಾವತ್ತೂ ಒಂದು ಹಣ್ಣು ಎಸೆದವರಲ್ಲ!"

ನಿಜ. ಅಪ್ಪ ಎಸೆಯುತ್ತಿರಲಿಲ್ಲ. ಆದರೆ ಆ ಬೂಷ್ಟನ್ನು ಮೂಸಿ ನೋಡಿದ ಮೇಲೆ ತೊಟ್ಟಿಗೆ ಹಾಕುವ ಮನಸ್ಸಾಗಲಿಲ್ಲ.

ಲಿಯೊಕಾದಿ ಎರಡೂ ಕೈಯಿಂದ ಹಂದಿಗಳತ್ತ ಎಸೆಯುತ್ತಾ, "ಈ ಸಲ ಕ್ರಿಸ್‌ಮಸ್ ಹಂದಿ ಮಸಾಲೆ ಹಾಕ್ದೇನೇ ರುಚಿಯಾಗಿರುತ್ತೆ ಬಿಡಿ ಅಕ್ಕಾ" ಎಂದಳು. ಹೆಂಗಸರು ಸಂಜೆಯವರೆಗೂ ನಕ್ಕರು.

ಅಕ್ಟೋಬರ್ ೮, ಶುಕ್ರವಾರ

ಇವತ್ತು ಆ ಬಾಗಿಲು ದಾಟಿದೆ.

ಬಾರ್ನಬೆ ಅಡ್ಡ ನಿಂತ. "ಅಮ್ಮಾವ್ರೇ, ಅಂಗಳದವರೆಗೂ ನಿಮ್ಮ ಮಾತು. ಒಳಗೆ ಬೇಡ. ಏನ್ ಮಾಡ್ಬೇಕು ಹೇಳಿ, ನಾವು ಮಾಡ್ತೀವಿ."

"ರುಚಿ ನೋಡದೆ ಹೇಗೆ ಹೇಳಲಿ? ಬಾಗಿಲ ಸಂದಿಯಿಂದ ನಾಲಿಗೆ ಚಾಚಲಾ?"

"ನೀವು ಒಳಗೆ ಬಂದ್ರೆ ನಾವು ಹೊರಗೆ ಹೋಗ್ತೀವಿ."

"ಈ ಗವಿ ಕೊರೆಸಿದವರು ಯಾರು ಬಾರ್ನಬೆ?"

ಊರಿಗೆಲ್ಲ ಗೊತ್ತು. ಈ ತೋಟದ ಹೆಸರೇ ಅಮ್ಮಂದಿರ ತೋಟ. ನೂರೈವತ್ತು ವರ್ಷದ ಹಿಂದಿನ ಕ್ರಾಂತಿಗೆ ಮುಂಚೆ ಇದು ಸನ್ಯಾಸಿನಿಯರ ಮಠದ್ದು. ಬಳ್ಳಿ ನೆಟ್ಟವರು, ಗೋಡೆ ಕಟ್ಟಿಸಿದವರು, ಬಂಡೆ ಕೊರೆಸಿದವರು, ಒಳಗೆ ನಿಂತು ವೈನ್ ಮಾಡಿದವರು ಎಲ್ಲ ಅವರೇ. ಮಠ ಮುಚ್ಚಿದ ಮೇಲೆ ಗೆರಿನೋಗಳು ಬಂದು ಅವರ ಗವಿಗೆ ಬೀಗ ಹಾಕಿ, ಹೆಂಗಸರಿಗೆ ಪ್ರವೇಶವಿಲ್ಲ ಎಂದರು!

"ಅವರು ದೇವರ ಹೆಂಗಸರು, ಅವರದು ಬೇರೆ" ಎಂದ ಬಾರ್ನಬೆ. ಟೋಪಿ ಹಾಕಿಕೊಂಡು, ಇಬ್ಬರು ಆಳುಗಳನ್ನೂ ಕರೆದುಕೊಂಡು ಹೊರಟೇಹೋದ.

ಲಿಯೊಕಾದಿಯನ್ನು ಕೂಗಿದೆ. ಅವಳು ಬಾಗಿಲಲ್ಲಿ ನಿಂತು ಶಿಲುಬೆಯ ಗುರುತು ಮಾಡಿಕೊಂಡಳು, ಲಂಗವನ್ನು ಸೊಂಟಕ್ಕೆ ಎತ್ತಿ ಕಟ್ಟಿದಳು. "ನಡೀರಿ ಅಕ್ಕಾ. ಈ ಊರಿನ ಗಂಡಸರ ಒಳಉಡುಪು ಒಗೆದವಳು ನಾನು. ನಂಗ್ಯಾವ ಭಯ?" ಅವಳ ಹಿಂದೆ ಇನ್ನೂ ನಾಲ್ವರು ಬಂದರು.

ಅಕ್ಟೋಬರ್ ೯, ಶನಿವಾರ

ಅಪ್ಪ ಕಿಟಕಿಯಿಂದ ಎಲ್ಲ ನೋಡಿದ್ದಾನೆ. ಇವತ್ತು ಸೂಪಿನ ಬಟ್ಟಲನ್ನು ಎಡಗೈಯಿಂದ ನೆಲಕ್ಕೆ ತಳ್ಳಿದ. ನೆಲ ಒರೆಸಿದೆ. ಇನ್ನೊಂದು ಬಟ್ಟಲು ತಂದಿಟ್ಟೆ. ಅದನ್ನೂ ತಳ್ಳಿದ.

ಅಕ್ಟೋಬರ್ ೧೬, ಶನಿವಾರ

ಮೂರು ತೊಟ್ಟಿಯಲ್ಲಿ ಮೊದಲನೆಯದು ತಾನಾಗಿ ಹುದುಗೆದ್ದು ಚೆನ್ನಾಗಿ ಕುದಿಯುತ್ತಿದೆ. ಕಿವಿಯಿಟ್ಟರೆ ಜೇನುಗೂಡಿನ ಸದ್ದು. ಸಿಪ್ಪೆಯೆಲ್ಲ ಮೇಲೆದ್ದು ಗಟ್ಟಿ ಮುಚ್ಚಳದಂತಾಗುತ್ತದೆ, ಅದನ್ನು ಕೋಲಿನಿಂದ ಮತ್ತೆ ರಸದೊಳಗೆ ಅದುಮುತ್ತೇವೆ. ತೋಳು ಕಳಚಿ ಬೀಳುವ ಕೆಲಸ. ಅಪ್ಪನ ಹಳೆಯ ಪ್ಯಾಂಟು ಹಾಕಿಕೊಂಡಿದ್ದೇನೆ.

ಉಳಿದೆರಡು ತೊಟ್ಟಿ ಕುದಿಯಲು ಶುರುವಿಟ್ಟು ಅರ್ಧದಲ್ಲೇ ನಿಂತವು. ಸಕ್ಕರೆ ಇನ್ನೂ ನಾಲಿಗೆಗೆ ಹತ್ತುತ್ತದೆ. ಹೊರಗೆ ಚಳಿ ಬಿದ್ದಿದೆ, ಕಲ್ಲು ತಣ್ಣಗಾಗಿದೆ. ರಸ ಬೆಚ್ಚಗಿಲ್ಲದಿದ್ದರೆ ಏಳುವುದಿಲ್ಲ.

"ಒಂಚೂರು ಬಿಸಿ ಮಾಡಿ ಸುರಿಯೋಣ್ವಾ?" ಎಂದಳು ಲಿಯೊಕಾದಿ.

ಗವಿಗೆ ಬೆಂಕಿ ತರಬಾರದು, ವೈನ್ ತನ್ನಷ್ಟಕ್ಕೆ ತಾನೇ ಏಳುತ್ತದೆ ಎಂದು ಅಪ್ಪ ಪ್ರತಿ ವರ್ಷ ಹೇಳುತ್ತಿದ್ದ. ಇದು ಅವನ ವೈನ್. ಅವನ ಮಾತಿನಂತೆಯೇ ಆಗಲಿ. ಕಾಯೋಣ.

ಅಕ್ಟೋಬರ್ ೨೦, ಬುಧವಾರ

ಏಳಲಿಲ್ಲ. ಕಾಯುತ್ತಿದ್ದೇನೆ.

ಅಕ್ಟೋಬರ್ ೨೩, ಶನಿವಾರ

ಎರಡನೆಯ ತೊಟ್ಟಿಯ ಹಲಗೆ ಸರಿಸಿದ ಕೂಡಲೇ ಗೊತ್ತಾಯಿತು. ಮೂಗಿಗೆ ಚುಚ್ಚಿತು. ರುಚಿ ನೋಡುವ ಅಗತ್ಯವೇ ಇರಲಿಲ್ಲ, ಆದರೂ ನೋಡಿದೆ. ವಿನೆಗರ್.

ಹೆಂಗಸರು ಸಾಲಾಗಿ ಗೋಡೆಗೊರಗಿ ನಿಂತಿದ್ದರು. ಒಬ್ಬಳು ಮೆಲ್ಲಗೆ, "ನಮ್ಮಿಂದಾನೇ ಆಯ್ತೇನೋ" ಎಂದಳು.

"ನಿಮ್ಮಿಂದಲ್ಲ. ಚಳಿಯಿಂದ. ನಾನು ಕಾದು ಕೂತಿದ್ದರಿಂದ" ಎಂದೆ. ಹೆಂಗಸರಿಂದಲೇ ಕೆಡುವುದಾದರೆ ಮೊದಲನೆಯ ತೊಟ್ಟಿ ಯಾಕೆ ಕೆಡಲಿಲ್ಲ? ಅದನ್ನು ಅದುಮಿದವರೂ ಇವರೇ, ಅದು ಹೂವಿನಂತೆ ಘಮಘಮಿಸುತ್ತಿದೆ.

ಸಂಜೆಯೊಳಗೆ ಊರಿಗೆಲ್ಲ ಸುದ್ದಿ. ಕಟುಕನ ಅಂಗಡಿಯಲ್ಲಿ ನನ್ನನ್ನು ಕಂಡು ಮಾತು ನಿಂತಿತು. ಮನೆಗೆ ಬಂದು ಹಿತ್ತಿಲಿನಲ್ಲಿ ಸ್ವಲ್ಪ ಅತ್ತೆ. ಅಷ್ಟೇ, ಹೆಚ್ಚೇನಲ್ಲ.

ಅಕ್ಟೋಬರ್ ೨೪, ಭಾನುವಾರ

ಇವತ್ತು ನಾನು ಮಾಡಿದ್ದನ್ನು ಅಮ್ಮ ಬದುಕಿದ್ದರೆ ಕ್ಷಮಿಸುತ್ತಿರಲಿಲ್ಲ. ಅಥವಾ ಬಿದ್ದು ಬಿದ್ದು ನಗುತ್ತಿದ್ದಳು.

ಪೂಜೆ ಮುಗಿಯುವ ಹೊತ್ತಿಗೆ ನಾನೂ ಲಿಯೊಕಾದಿಯೂ ಕೈಗಾಡಿಯ ಮೇಲೆ ವಿನೆಗರ್ ಪೀಪಾಯಿಯಿಟ್ಟು ಚರ್ಚಿನ ಮೆಟ್ಟಿಲ ಕೆಳಗೆ ನಿಂತೆವು. ಜನ ಹೊರಗೆ ಬಂದರು. ಬಾರ್ನಬೆಯೂ ಅವರಲ್ಲಿದ್ದ.

ಎಲ್ಲರಿಗೂ ಕೇಳುವಂತೆ ಕೂಗಿದೆ. "ಹೆಂಗಸು ಗವಿಗೆ ಹೋದ್ರೆ ವಿನೆಗರ್ ಆಗುತ್ತೆ ಅಂತಿದ್ರಲ್ಲ? ಆಗಿದೆ! ಹೂಜಿ ತನ್ನಿ. ಪುಕ್ಕಟೆ. ಸೊಪ್ಪಿಗೆ ಹಾಕ್ಕೊಳ್ಳಿ, ಸೌತೆಕಾಯಿ ಉಪ್ಪಿನಕಾಯಿ ಹಾಕ್ಕೊಳ್ಳಿ. ಉಳಿದ ತೊಟ್ಟಿಗಳದ್ದು ವೈನ್ ಆಗುತ್ತೆ, ಅದು ಮಾತ್ರ ಪುಕ್ಕಟೆ ಇಲ್ಲ!"

ಮೊದಲು ಪಾದ್ರಿಯವರ ಅಡುಗೆಯವಳು ಒಳಗಿನಿಂದ ಹೂಜಿ ತಂದಳು. ಬೆರಳದ್ದಿ ನೆಕ್ಕಿ, "ಅಂಗಡಿಯದಕ್ಕಿಂತ ಚೆನ್ನಾಗಿದೆ ಕಣ್ರೀ" ಎಂದಳು. ಅವಳ ಹಿಂದೆ ಉಳಿದ ಹೆಂಗಸರು ಮನೆಗೆ ಓಡಿದರು. ಪೀಪಾಯಿ ಖಾಲಿ.

ಅಕ್ಟೋಬರ್ ೨೫, ಸೋಮವಾರ

ಬೆಂಕಿ ಹಾಕಿದೆ.

ಗವಿಯ ಬಾಯಲ್ಲೇ ಮೂರು ಕಲ್ಲು ಹೂಡಿ, ಜಾಮ್ ಕುದಿಸುವ ದೊಡ್ಡ ತಾಮ್ರದ ಹಂಡೆಯಿಟ್ಟೆವು. ಮೂರನೆಯ ತೊಟ್ಟಿಯ ರಸ ತೆಗೆದು, ಕೈಯದ್ದಿ ಹಿಡಿಯಬಹುದಾದಷ್ಟು ಮಾತ್ರ ಬೆಚ್ಚಗೆ ಮಾಡಿ, ಮೊದಲನೆಯ ತೊಟ್ಟಿಯಲ್ಲಿ ಕುದಿಯುತ್ತಿರುವ ರಸವನ್ನು ಹೆಪ್ಪು ಹಾಕಿದ ಹಾಗೆ ಸ್ವಲ್ಪ ಬೆರೆಸಿ, ಮತ್ತೆ ಸುರಿದೆವು. ಮತ್ತೆ ಒಂದು ಹಂಡೆ. ಮತ್ತೊಂದು. ತೊಟ್ಟಿಯ ಸುತ್ತ ಕಂಬಳಿ ಸುತ್ತಿದೆವು. ನನ್ನ ಹಾಸಿಗೆಯ ಕಂಬಳಿಯೂ ಅಲ್ಲೇ ಇದೆ.

ಹೊಗೆ ಅಪ್ಪನಿಗೆ ಕಾಣಿಸಿತು. ಗಾಜು ಒಡೆದ ಸದ್ದು ಕೇಳಿ ಓಡಿ ಬಂದೆ. ಊರುಗೋಲಿನಿಂದ ಕಿಟಕಿಯ ಗಾಜಿಗೆ ಹೊಡೆದಿದ್ದ. ಮುಖ ಕೆಂಪಗಾಗಿತ್ತು. ಬಾಯಿಯಿಂದ ಬರುತ್ತಿದ್ದದ್ದು ಮಾತಲ್ಲ, ಆದರೆ ಬೈಗುಳವೆಂಬುದರಲ್ಲಿ ಅನುಮಾನವಿರಲಿಲ್ಲ.

"ಒಡಿ ಅಪ್ಪಾ!" ಎಂದೆ. "ಇನ್ನೂ ಮೂರು ಗಾಜಿದೆ, ಅದನ್ನೂ ಒಡಿ! ನಿನ್ನ ಮಾತು ಕೇಳ್ಕೊಂಡು ಒಂದು ತೊಟ್ಟಿ ಕಳ್ಕೊಂಡೆ. ಇನ್ನೊಂದು ಕಳ್ಕೊಳ್ಳಲ್ಲ. ನಿಂಗೆ ಕೋಪ ಬಂದ್ರೆ ಎದ್ದು ಬಾ, ಬಂದು ನನ್ನ ಕೈಯಿಂದ ಸೌಟು ಕಿತ್ಕೋ. ಬರೋಕಾಗುತ್ತಾ?"

ಅವನು ನನ್ನನ್ನೇ ನೋಡಿದ. ನನ್ನ ಮೈಮೇಲಿನ ತನ್ನ ಪ್ಯಾಂಟು, ಮಸಿ ಹಿಡಿದ ಕೈ, ಎಲ್ಲ ನೋಡಿದ. ಊರುಗೋಲನ್ನು ಮಡಿಲಿಗಿಟ್ಟುಕೊಂಡ. ಒಡೆದ ಗಾಜಿಗೆ ರಟ್ಟು ಬಡಿದು ವಾಪಸ್ ಹೋದೆ. ಬೆಂಕಿ ಆರಿಹೋಗುತ್ತಿತ್ತು.

ಅಕ್ಟೋಬರ್ ೨೮, ಗುರುವಾರ

ಎದ್ದಿತು! ಜೇನುಗೂಡು!

ನವೆಂಬರ್ ೧೧, ಗುರುವಾರ, ಸಂತ ಮಾರ್ತಿನನ ಹಬ್ಬ

ವೈನ್ ಪೀಪಾಯಿಗಳಿಗೆ ಇಳಿಯಿತು. ತೊಟ್ಟಿಯಲ್ಲುಳಿದ ಸಿಪ್ಪೆಯನ್ನು ಸಲಿಕೆಯಲ್ಲಿ ತೆಗೆದು ಹಿಂಡಬೇಕಿತ್ತು. ತೊಟ್ಟಿಗಿಳಿಯುವ ಮೊದಲು ಮೇಣದಬತ್ತಿ ಇಳಿಬಿಡಬೇಕು. ಕುದಿದ ರಸದ ವಿಷಗಾಳಿ ತಳದಲ್ಲಿದ್ದರೆ ಬತ್ತಿ ಆರುತ್ತದೆ. ಬತ್ತಿ ಆರಿತು. ಆದರೆ ಲಿಯೊಕಾದಿ ಮಾತಿನ ಭರದಲ್ಲಿ ಆಗಲೇ ಒಂದು ಕಾಲು ಒಳಗಿಟ್ಟಿದ್ದಳು. ಕುತ್ತಿಗೆಪಟ್ಟಿ ಹಿಡಿದು ಹಿಂದಕ್ಕೆಳೆದೆ, ಇಬ್ಬರೂ ನೆಲದ ಮೇಲೆ ಬಿದ್ದೆವು.

"ಅಯ್ಯೋ, ಇದ್ದಿದ್ದೊಂದು ಒಳ್ಳೇ ರವಿಕೆ ಹರಿದ್ರಲ್ಲ ಅಕ್ಕಾ!"

"ಹೆಣಕ್ಕೆ ಎಂಥ ರವಿಕೆಯೇ?"

ತೊಟ್ಟಿಗೆ ಗಾಳಿ ಬೀಸಿ, ಬತ್ತಿ ನೆಟ್ಟಗೆ ಉರಿಯುವವರೆಗೆ ಯಾರನ್ನೂ ಹತ್ತಿರ ಬಿಡಲಿಲ್ಲ.

ಹೊಸ ವೈನನ್ನು ಒಂದು ಗ್ಲಾಸಿನಲ್ಲಿ ಅಪ್ಪನ ಬಳಿ ಒಯ್ದೆ. ಮುಖ ತಿರುಗಿಸಿದ. ಗ್ಲಾಸನ್ನು ಅಲ್ಲೇ ನಿಂತು ನಾನೇ ಕುಡಿದೆ. ಒರಟಾಗಿದೆ, ಹಲ್ಲು ಜುಮ್ಮೆನ್ನುವಷ್ಟು ಹುಳಿ. ನನಗೆ ಹಿಡಿಸಿತು.

ಜನವರಿ ೨೨, ೧೯೫೫, ಶನಿವಾರ, ಸಂತ ವಿನ್ಸೆಂಟನ ಹಬ್ಬ

ದ್ರಾಕ್ಷಿ ಬೆಳೆಗಾರರ ಹಬ್ಬ. ಮೆರವಣಿಗೆಯಲ್ಲಿ ಪ್ರತಿ ತೋಟದ ಯಜಮಾನ ಸಂತನ ಮೂರ್ತಿಯ ಹಿಂದೆ ನಡೆಯುವುದು ಪದ್ಧತಿ. ಹೋಗಿ ಸಾಲಿನಲ್ಲಿ ನಿಂತೆ. ಹಿಂದಿದ್ದವನು ಕೆಮ್ಮಿದ. ಇನ್ನೊಬ್ಬ ಕೆಮ್ಮಿದ. "ಊರಿಗೆಲ್ಲ ನೆಗಡಿಯಾಗಿದೆ, ಪಾಪ" ಎಂದೆ. ಮೆರವಣಿಗೆ ಹೊರಟಿತು. ನಾನೂ ಹೊರಟೆ.

ಸಂಜೆ ಬಾರ್ನಬೆ ಅಂಗಳಕ್ಕೆ ಬಂದ. ಟೋಪಿ ಕೈಯಲ್ಲಿತ್ತು. ಹೋದ ಕಡೆ ಹೊಂದಿಕೆಯಾಗಲಿಲ್ಲವಂತೆ. ಅಲ್ಲಿನ ವೈನ್ ಬೂಷ್ಟು ನಾರುತ್ತದಂತೆ.

"ಕೆಲ್ಸ ಇದೆ ಬಾರ್ನಬೆ. ಪೀಪಾಯಿ ತೊಳೀಬೇಕು. ಆದ್ರೆ ಗವಿಯಲ್ಲೀಗ ಲಿಯೊಕಾದಿ ಹೇಳಿದ ಹಾಗೆ ನಡೆಯುತ್ತೆ."

ಅವನು ಟೋಪಿಯ ಅಂಚು ತಿರುವಿದ. "ಅವಳು ಬೈತಾಳೆ ಅಮ್ಮಾವ್ರೇ."

"ಬೈತಾಳೆ. ನಂಗೂ ಬೈತಾಳೆ."

ಬಂದ.

ಅಪ್ಪನಿಗೆ ಮಾತು ಒಂದೊಂದಾಗಿ ಮರಳುತ್ತಿದೆ. ಬ್ರೆಡ್ಡು, ಬಿಸಿ, ಬಾಗಿಲು. ನನ್ನ ಹೆಸರು ಇನ್ನೂ ಬಂದಿಲ್ಲ. ಬರದಿದ್ದರೂ ಕೆಲಸ ನಿಲ್ಲುವುದಿಲ್ಲ. ನಾಳೆಯಿಂದ ಬಳ್ಳಿ ಸವರಬೇಕು, ಮೇಲಿನ ಸಾಲುಗಳನ್ನು ಈ ಸಲ ಗಿಡ್ಡ ಬಿಡಬೇಕೆಂದಿದ್ದೇನೆ.

ಏಪ್ರಿಲ್ ೧೧, ಈಸ್ಟರ್ ಸೋಮವಾರ

ಗಾಸ್ಯಾಂ ಕೆನಾರ್ ಅವರನ್ನು ಕಾರಿನಲ್ಲಿ ಕರೆತಂದ. ಅಣ್ಣನ ಕೈಯಲ್ಲಿ ಚರ್ಮದ ಚೀಲ, ಅದರೊಳಗೆ ತೋಟ ಮಾರುವ ಕಾಗದ. ಅಪ್ಪನ ಮುಂದೆಯೇ ಆಗಲಿ ಎಂದು ಅಡುಗೆಮನೆಯ ಮೇಜಿಗೆ ಬಿಳಿ ಬಟ್ಟೆ ಹಾಸಿದ್ದೆ. ಪೀಪಾಯಿಯಿಂದ ತೆಗೆದು ತಂದು ನಾಲ್ಕು ಗ್ಲಾಸಿಗೆ ಹಾಕಿದೆ.

ಕೆನಾರ್ ಮುದುಕರು, ಅವಸರವಿಲ್ಲದವರು. ಬೆಳಕಿಗೆ ಹಿಡಿದರು. ಮೂಸಿದರು. ಬಾಯಲ್ಲಿ ಹೊರಳಿಸಿದರು. ರುಚಿ ನೋಡುವ ದಲ್ಲಾಳಿಗಳು ನುಂಗುವುದಿಲ್ಲ, ಉಗಿಯಲು ಬಕೆಟ್ ಇಟ್ಟಿದ್ದೆ, ಅದರತ್ತ ಬಾಗಿದವರು ಹಾಗೇ ನೆಟ್ಟಗಾದರು.

"ಯಾರಮ್ಮ ಮಾಡಿದ್ದು? ಬಾರ್ನಬೆನಾ?"

"ನಾನು. ಬಾರ್ನಬೆ ಪೀಪಾಯಿ ತೊಳೆದ."

"ತೆಳುವಾಗಿದೆ. ಹುಳಿ ಜಾಸ್ತಿ. ವರ್ಷವೇ ಹಾಗಿತ್ತು ಬಿಡಿ. ಆದ್ರೆ ಕೊಳೆತ ವಾಸನೆ ಒಂಚೂರೂ ಇಲ್ಲ. ಈ ವರ್ಷ ನದಿಯ ಈ ದಂಡೆಯಲ್ಲಿ ನಾನು ಉಗಿದಿದ್ದೇ ಹೆಚ್ಚು. ಇದನ್ನ ನುಂಗಿದೆ, ನೀವೇ ನೋಡಿದ್ರಲ್ಲ."

"ಹೆಸರಿಗೆ ತಕ್ಕದ್ದೋ ಅಲ್ವೋ, ಅದನ್ನ ಹೇಳಿ."

"ಹೆಸರು ಕೆಡಿಸಲ್ಲ."

ಗಾಸ್ಯಾಂ ಚೀಲದ ಮೇಲಿಂದ ಕೈ ತೆಗೆಯಲಿಲ್ಲ. "ಸಂತೋಷ. ಹಾಗಾದ್ರೆ ಇಡೀ ವೈನ್ ಕೆನಾರ್ ಅವರ ಗಿರಾಕಿಗಳಿಗೇ ಕೊಡೋಣ. ಬೇರೆ ವೈನ್ ಜೊತೆ ಬೆರೆಸ್ಕೋತಾರೆ. ಹೆಂಗಸು ಮಾಡಿದ್ದು ಅಂತ ಗೊತ್ತಾದ್ರೆ ನಮ್ಮ ಹೆಸರಿನ ಬಾಟ್ಲಿ ಯಾರು ಮುಟ್ತಾರೆ? ಎಷ್ಟು ವರ್ಷ ಹೀಗೆ ಎಳೀತೀಯಾ? ಮರ್ಯಾದೆಯಾಗಿ ಮುಗಿಸೋಣ ಅರ್ಮೆಲ್."

"ಬೆರೆಸೋಕೆ ಒಂದು ಹನಿ ಕೊಡಲ್ಲ. ನಮ್ಮ ಹೆಸರಲ್ಲೇ ಬಾಟ್ಲಿಗೆ ತುಂಬ್ತೀನಿ. ಅದರ ಮೇಲೆ ನನ್ನ ಹೆಸರೂ ಅಚ್ಚು ಹಾಕಿಸ್ತೀನಿ, ಯಾರಿಗೂ ಅನುಮಾನ ಬೇಡ. ಯಾರೂ ಕೊಳ್ಳದಿದ್ರೆ ಕೂತ್ಕೊಂಡು ನಾನೇ ಕುಡೀತೀನಿ."

ಮೇಜು ಕುಟ್ಟಿದ ಸದ್ದಾಯಿತು. ಅಪ್ಪ. ಎಡಗೈಯನ್ನು ತನ್ನ ಗ್ಲಾಸಿನತ್ತ ಚಾಚುತ್ತಿದ್ದ. ಕೈಗೆ ಕೊಟ್ಟೆ. ಹಿಡಿದುಕೊಳ್ಳಲು ಸಹಾಯ ಮಾಡಹೋದೆ, ಮೊಣಕೈಯಿಂದ ದೂರ ತಳ್ಳಿದ. ಸ್ವಲ್ಪ ಗಲ್ಲದ ಮೇಲೆ ಸುರಿಯಿತು. ಉಳಿದದ್ದನ್ನು ಕುಡಿದ. ಕಣ್ಣು ಮುಚ್ಚಿ ಕುಳಿತ. ಗೋಡೆಯಾಚೆ ಯಾರದೋ ಕುದುರೆಗಾಡಿ ಹಾದುಹೋಯಿತು, ಅದರ ಸದ್ದು ಅಡಗುವವರೆಗೂ ಕಣ್ಣು ಬಿಡಲಿಲ್ಲ.

"ಇದು..." ಎಂದ. ನಾಲಿಗೆ ತಡಕಾಡಿತು. "ಇದು... ನಂದಲ್ಲ."

"ಕೇಳಿದ್ಯಾ?" ಗಾಸ್ಯಾಂ ಎದ್ದು ನಿಂತ. "ಅಪ್ಪನೇ ಹೇಳ್ತಿದಾನೆ, ಇದು ನಮ್ಮ ಮನೆ ವೈನೇ ಅಲ್ಲ ಅಂತ!"

"ಅಪ್ಪ ಹಾಗಂದಿಲ್ಲ. ಅವನದಲ್ಲ ಅಂದ." ನಾನು ಅಪ್ಪನ ಕಡೆಗೆ ತಿರುಗಿದೆ. "ನಿಜ ಅಪ್ಪಾ. ಇದು ನಿಂದಲ್ಲ. ನಂದು."

ಅಪ್ಪ ನನ್ನನ್ನು ನೋಡಿದ. ಆಮೇಲೆ, ಚೀಲದ ಕೊಂಡಿ ಬಿಚ್ಚುತ್ತಿದ್ದ ಗಾಸ್ಯಾಂನನ್ನು ನೋಡಿದ.

"ಕೂತ್ಕೋ" ಎಂದ ಅವನಿಗೆ.

ಆರೋಗ್ಯವಾಗಿದ್ದಾಗಿನ ಅದೇ ದನಿ. ಗಾಸ್ಯಾಂ ಕೂತ. ಚೀಲ ಮತ್ತೆ ಮಡಿಲಿಗೆ ಹೋಯಿತು. ಕೆನಾರ್ ಕಿಟಕಿಯಾಚೆಯ ಬಳ್ಳಿಗಳಲ್ಲಿ ಏನೋ ವಿಶೇಷ ಕಂಡವರಂತೆ ಅತ್ತ ನೋಡುತ್ತಿದ್ದರು.

ಅಪ್ಪ ಖಾಲಿ ಗ್ಲಾಸನ್ನು ನನ್ನ ಮುಂದೆ ಹಿಡಿದ. ಹಿಡಿದೇ ಇದ್ದ. ಒಂದು ಗುಟುಕಿಗಿಂತ ಹೆಚ್ಚು ಕೊಡಬೇಡಿ ಎಂದು ಡಾಕ್ಟರು ಹೇಳಿದ್ದಾರೆ.

ಅಂಚಿನವರೆಗೂ ತುಂಬಿಕೊಟ್ಟೆ.